ಹಳೇಬೀಡಿನ ಮಗ್ಗುಲಲ್ಲಿರುವ ವಿಜಯಪಾರ್ಶ್ವ

ದೂರದ ಕ್ಷೇತ್ರಗಳನ್ನು ಅರಸಿ ಹೋಗುವ ನಾವು ಹತ್ತಿರದವುಗಳನ್ನು ನೋಡದೆ ಉಳಿಯುವುದುಂಟು. ಹಾಸನದಿಂದ ಮೂವತ್ತು ಕಿಲೋಮೀಟರಿನಷ್ಟು ದೂರದ ಹಳೇಬೀಡು ಇದಕ್ಕೆ ಒಳ್ಳೆಯ ನಿದರ್ಶನ. ಹೊಯ್ಸಳೇಶ್ವರ ದೇವಾಲಯದ ಭಿತ್ತಿಶಿಲ್ಪಗಳನ್ನು ಕಣ್ತುಂಬ ನೋಡಿದವರಲ್ಲಿ ಬಹುಮಂದಿ ಅಲ್ಲಿಂದಲೇ ಬೇಲೂರಿಗೆ ಹೊರಟುಬಿಡುತ್ತಾರೆ. ಅಲ್ಲಿಂದ ಕಾಲ್ನಡಿಗೆಯಲ್ಲಿಯೇ ತಲುಪಬಹುದಾದ ಬಸ್ತಿಹಳ್ಳಿಯ ಮೂರು ಜಿನಾಲಯಗಳು ಸಂದರ್ಶಕರಿಲ್ಲದೆ ಮೌನವಾಗಿ ನಿಂತಿರುತ್ತವೆ.

ಪಾರ್ಶ್ವನಾಥ, ಆದಿನಾಥ ಮತ್ತು ಶಾಂತಿನಾಥ ಬಸದಿಗಳು ಇಲ್ಲಿ ಒಂದೇ ಆವರಣದಲ್ಲಿವೆ. ಹೊರಗೋಡೆಗಳಲ್ಲಿ ಶಿಲ್ಪಗಳ ದಟ್ಟಣೆಯಿಲ್ಲ. ಹೊಯ್ಸಳೇಶ್ವರವನ್ನು ನೋಡಿ ಬಂದ ಕಣ್ಣಿಗೆ ಇವು ಬರಿದೆನಿಸಿದರೆ ಆಶ್ಚರ್ಯವಿಲ್ಲ. ಆದರೆ ಪಾರ್ಶ್ವನಾಥ ಬಸದಿಯ ನವರಂಗವನ್ನು ಪ್ರವೇಶಿಸಿದಾಗ ಈ ಭಾವನೆ ಬದಲಾಗುತ್ತದೆ. ಚಕ್ರದಲ್ಲಿ ತಿರುಗಿಸಿ ಕಡೆದು ನುಣುಪುಗೊಳಿಸಿದ ಬಳಪದ ಕಲ್ಲಿನ ಕಂಬಗಳಲ್ಲಿ ಎದುರಿಗೆ ನಿಂತವರ ಪ್ರತಿಬಿಂಬ ಮೂಡುತ್ತದೆ. ಗರ್ಭಗೃಹದಲ್ಲಿ ಆಳೆತ್ತರವನ್ನು ಬಹಳವಾಗಿ ಮೀರಿದ ಪಾರ್ಶ್ವನಾಥನ ಮೂರ್ತಿಯಿದೆ.

ಈ ಬಸದಿಯನ್ನು 1133ರಲ್ಲಿ ಕಟ್ಟಿಸಿದವನು ದಂಡನಾಯಕ ಬೊಪ್ಪದೇವ. ಚೋಳರಿಂದ ತಲಕಾಡನ್ನು ಗೆದ್ದು ವಿಷ್ಣುವರ್ಧನನಿಗೆ ಒಪ್ಪಿಸಿದ ಮಹಾಪ್ರಧಾನ ಗಂಗರಾಜನ ಮಗನೀತ. ತಂದೆಯ ಸ್ಮರಣೆಗಾಗಿ ಕಟ್ಟಿಸಿದ ಈ ಜಿನಾಲಯಕ್ಕೆ ತಂದೆಯ ಬಿರುದಾದ ‘ದ್ರೋಹಘರಟ್ಟ’ ಎಂಬುದನ್ನೇ ಹೆಸರಾಗಿಟ್ಟನು. ದ್ರೋಹಿಗಳನ್ನು ಅರೆಯುವ ಬೀಸುಕಲ್ಲು ಎಂಬುದು ಅದರ ಅರ್ಥ.

ಬಸದಿಯ ಶಾಸನವು ಒಂದು ಪ್ರಸಂಗವನ್ನು ನಿರೂಪಿಸುತ್ತದೆ. ಪ್ರತಿಷ್ಠೆಯ ಬಳಿಕ ಅರ್ಚಕರು ಗಂಧೋದಕವನ್ನೂ ಶೇಷವನ್ನೂ ಹಿಡಿದು ಬಂಕಾಪುರದಲ್ಲಿದ್ದ ವಿಷ್ಣುವರ್ಧನನ ಬಳಿಗೆ ಹೋಗುತ್ತಾರೆ. ಅದೇ ಹೊತ್ತಿಗೆ ಅರಸನು ಮಸಣನೆಂಬ ವೈರಿಯನ್ನು ಜಯಿಸಿದ್ದಾನೆ. ಅವನಿಗೆ ಗಂಡುಮಗುವೂ ಹುಟ್ಟಿದೆ. ಅರಸನು ಎದ್ದು ಬಂದು ಕೈಮುಗಿದು ಗಂಧೋದಕವನ್ನು ತಲೆಗೊತ್ತಿಕೊಳ್ಳುತ್ತಾನೆ. ಈ ದೇವರ ಪ್ರತಿಷ್ಠೆಯ ಫಲವಾಗಿಯೇ ಜಯವೂ ಪುತ್ರಲಾಭವೂ ಆದವೆಂದು ಹೇಳಿ, ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟು, ಜಾವಗಲ್ಲನ್ನು ದತ್ತಿಯಾಗಿ ಬಿಡುತ್ತಾನೆ.

ಈ ಪ್ರಸಂಗ ನಮಗೆ ಮುಖ್ಯವಾಗುವುದು ಇನ್ನೊಂದು ಕಾರಣದಿಂದ. ವಿಷ್ಣುವರ್ಧನನು ಮತಾಂತರಗೊಂಡ ಮೇಲೆ ನೂರಾರು ಬಸದಿಗಳನ್ನು ಕೆಡವಿಸಿ ಜೈನರನ್ನು ಪೀಡಿಸಿದನೆಂಬ ಐತಿಹ್ಯ ಇಂದಿಗೂ ಬಾಯಿಂದ ಬಾಯಿಗೆ ಸಾಗುತ್ತಿದೆ. ಬೇಲೂರಿನಲ್ಲಿ 1117ರಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಾಪಿಸಿದ ಅರಸನೇ ಹದಿನಾರು ವರ್ಷಗಳ ತರುವಾಯ, ತನ್ನ ರಾಜಧಾನಿ ದೋರಸಮುದ್ರದಲ್ಲಿ ನೆಲೆಗೊಂಡ ತೀರ್ಥಂಕರನಿಗೆ ಅದೇ ‘ವಿಜಯ’ ಶಬ್ದವನ್ನು ಸೇರಿಸಿದನೆಂದು ಶಾಸನ ಹೇಳುವಾಗ, ಆ ಐತಿಹ್ಯವನ್ನು ಹೇಗೆ ನಂಬುವುದು? ಶಾಸನವೂ ಬಸದಿಯ ಪಕ್ಷದವರ ಬರಹವೇ, ಪ್ರಶಂಸೆ ಅದರ ಸ್ವಭಾವ ಎಂಬುದು ನಿಜ. ಆದರೂ ಅರಸನು ಬದುಕಿದ್ದಾಗಲೇ, ಅವನ ರಾಜಧಾನಿಯಲ್ಲೇ ಎಲ್ಲರೂ ಕಾಣುವಂತೆ ನಿಲ್ಲಿಸಿದ ಬರಹವದು. ಕೇಳಿಕೆಯ ಕಥೆಗಿಂತ ಅದಕ್ಕೆ ಹೆಚ್ಚಿನ ತೂಕವಿದೆ.

ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹಾಸನ ಜಿಲ್ಲೆಯ ಸಂಪುಟವನ್ನು ಪ್ರಕಟಿಸಿ ನೂರು ವರ್ಷಗಳ ಮೇಲಾಯಿತು. ಶಾಸನದ ಪಾಠ ಅಂದಿನಿಂದಲೂ ಓದುಗರ ಕೈಗೆಟುಕುವಂತಿದೆ. ಆದರೂ ಐತಿಹ್ಯ ಅಳಿದಿಲ್ಲ. ಶಾಸನ ಮುದ್ರಣಗೊಂಡರಷ್ಟೇ ಸಾಲದು, ಅದನ್ನು ಓದುವವರೂ ಬೇಕು.

ಹೊಯ್ಸಳ ಸಾಹಿತ್ಯ, ಚರಿತ್ರೆಗಳನ್ನು ಅಭ್ಯಸಿಸುವ ವಿದ್ಯಾರ್ಥಿಗಳು ಹಳೇಬೀಡಿಗೆ ಹೋದಾಗ ಒಂದು ಗಂಟೆಯನ್ನಾದರೂ ಬಸ್ತಿಹಳ್ಳಿಗೆ ಮೀಸಲಿಡಬೇಕು. ಮೊದಲು ಶಾಸನದ ಪಾಠವನ್ನು ಓದಿಕೊಂಡು, ಬಳಿಕ ವಿಜಯಪಾರ್ಶ್ವನ ಮುಂದೆ ನಿಲ್ಲುವುದು ಒಳ್ಳೆಯದು. ಆಗ ಅಲಂಕಾರವಿಲ್ಲದ ಆ ಗೋಡೆಗಳು ಬರಿದೆಂದು ತೋರುವುದಿಲ್ಲ.