ಪೂಲ್ ಅಲೊಕೇಟರ್: ಹುಟ್ಟು ಮತ್ತು ಬೆಳವಣಿಗೆ

ಪ್ರೋಗ್ರಾಮು ಪ್ರತಿ ಸಲ ಕೇಳಿದಾಗಲೂ ಹೊಸದಾಗಿ ಮೆಮೊರಿ ಹುಡುಕದೆ, ಮೊದಲೇ ದೊಡ್ಡ ತುಂಡೊಂದನ್ನು ಪಡೆದು, ಸಮ ಅಳತೆಯ ಖಾನೆಗಳಾಗಿ ಸೀಳಿ ಹಂಚುವ ತಂತ್ರವೇ ಪೂಲ್ ಅಲೊಕೇಟರ್. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ರೇಷ್ಮೆ ಬೆಳೆಗಾರರಿಗೆ ಇದರ ಮರ್ಮ ಬೇಗ ಹೊಳೆಯುತ್ತದೆ. ಹಣ್ಣಾದ ಹುಳುವಿಗೆಂದು ಪ್ರತಿ ಬೆಳೆಗೂ ಹೊಸ ಚಂದ್ರಿಕೆ ಹೆಣೆಸುವವರಿಲ್ಲ. ಗೂಡು ಬಿಡಿಸಿದ ಮೇಲೆ ಅದೇ ಚಂದ್ರಿಕೆ ಮುಂದಿನ ಬೆಳೆಗೂ ಬರುತ್ತದೆ.

ಇದರ ಜಾಣ್ಮೆಯೆಲ್ಲ ಖಾಲಿ ಖಾನೆಯಲ್ಲಿದೆ. ಪ್ರತಿ ಖಾಲಿ ಖಾನೆಯೂ ಮುಂದಿನ ಖಾಲಿ ಖಾನೆಯ ವಿಳಾಸವನ್ನು ತನ್ನೊಳಗೇ ಬರೆದಿಟ್ಟುಕೊಳ್ಳುತ್ತದೆ. ಹಾಗಾಗಿ ಪಟ್ಟಿಗೆಂದು ಬೇರೆ ಜಾಗ ಬೇಡ, ಕೊಡುವುದೂ ಹಿಂಪಡೆಯುವುದೂ ಎರಡು ಮೂರು ಸೂಚನೆಗಳ ಕೆಲಸ. ಲಿಂಕ್ಡ್ ಲಿಸ್ಟ್‌ನಂಥ ಕಂಟೈನರುಗಳಿಗೆ ಇದು ಹೇಳಿ ಮಾಡಿಸಿದ್ದು. 64 ಬಿಟ್ ಲಿನಕ್ಸ್‌ನಲ್ಲಿ 24 ಬೈಟಿನ ನೋಡ್ ಒಂದಕ್ಕೆ ಸಾಮಾನ್ಯ ಅಲೊಕೇಟರ್ ಆದ ಮ್ಯಾಲಕ್ 32 ಬೈಟು ವ್ಯಯಿಸುತ್ತದೆ. ಲಕ್ಷಾಂತರ ನೋಡ್‌ಗಳಿದ್ದರೆ ಈ ಎಂಟು ಬೈಟೇ ದೊಡ್ಡ ಹೊರೆ.

ವಿಚಾರ ಹಳೆಯದು. 1967ರಲ್ಲೇ ಡಗ್ಲಸ್ ರಾಸ್, ಮೆಮೊರಿಯನ್ನು ವಲಯಗಳಾಗಿ ವಿಂಗಡಿಸಿ ವಲಯಕ್ಕೊಂದು ಹಂಚಿಕೆಯ ರೀತಿ ಇಟ್ಟುಕೊಳ್ಳುವ ವ್ಯವಸ್ಥೆಯನ್ನು ಪ್ರಕಟಿಸಿದ್ದರು. 1994ರಲ್ಲಿ ಸನ್ ಕಂಪನಿಯ ಜೆಫ್ ಬಾನ್ವಿಕ್ ಪೂಲ್‌ನ ವಿಚಾರವನ್ನು ಸೋಲಾರಿಸ್ ಕರ್ನಲ್‌ಗೆ ಒಗ್ಗಿಸಿದರು. ಅವರ ಸ್ಲ್ಯಾಬ್ ಅಲೊಕೇಟರ್ ಖಾನೆಯನ್ನಷ್ಟೇ ಅಲ್ಲ, ಅದರೊಳಗೆ ಅಣಿಗೊಳಿಸಿದ ವಸ್ತುವನ್ನೂ ಉಳಿಸಿಕೊಂಡು ಮತ್ತೆ ಕೊಡುತ್ತಿತ್ತು. ಲಿನಕ್ಸ್ ಕೂಡ ಇದೇ ದಾರಿ ಹಿಡಿಯಿತು.

ಅದೇ ವರ್ಷ ಅಲೆಕ್ಸಾಂಡರ್ ಸ್ಟೆಪನೊವ್ ಮತ್ತು ಮೆಂಗ್ ಲೀ ಅವರ ಎಸ್‌ಟಿಎಲ್ ಎಂಬ ಕಂಟೈನರುಗಳ ಗ್ರಂಥಾಲಯ, ಸಿ ಪ್ಲಸ್ ಪ್ಲಸ್ ಭಾಷೆಯ ಕರಡು ಪ್ರಮಾಣಕ್ಕೆ ಸೇರಿತು. ಅದರ ಕಂಟೈನರುಗಳಿಗೆ ಅಲೊಕೇಟರ್ ಜೋಡಿಸಿದ್ದು ಪೂಲ್‌ಗೋಸ್ಕರವಲ್ಲ, ಇಂಟೆಲ್‌ನ ಹಳೆಯ ಯಂತ್ರಗಳ ಬಗೆಬಗೆಯ ಪಾಯಿಂಟರುಗಳನ್ನು ಮರೆಮಾಡುವುದಕ್ಕೆ. ಈ ಮೂಲದ ನೆರಳು ಬಹುಕಾಲ ಕಾಡಿತು. ಒಂದು ಬಗೆಯ ಅಲೊಕೇಟರುಗಳೆಲ್ಲ ಸರಿಸಮ ಎಂದು ಭಾವಿಸಲು 1998ರ ಪ್ರಮಾಣ ಅವಕಾಶ ಕೊಟ್ಟಿದ್ದರಿಂದ, ಕಂಟೈನರಿಗೊಂದು ಪ್ರತ್ಯೇಕ ಪೂಲ್ ಕೊಡುವುದು ನಂಬಿಕೆಗೆ ಅರ್ಹವಾಗಲಿಲ್ಲ. ಎಸ್‌ಜಿಐ ಕಂಪನಿಯ ಗ್ರಂಥಾಲಯ 128 ಬೈಟಿನವರೆಗಿನ ಬೇಡಿಕೆಗಳಿಗೆ ಎಲ್ಲರಿಗೂ ಒಂದೇ ಪೂಲ್ ಇಟ್ಟು ಇದನ್ನು ದಾಟಿತು. ಆಟಗಳ ಕಂಪನಿ ಇಎ ತನ್ನದೇ ಗ್ರಂಥಾಲಯ ಕಟ್ಟಿಕೊಂಡು, 2007ರಲ್ಲಿ ತನ್ನ ಆಕ್ಷೇಪಗಳನ್ನು ಪ್ರಮಾಣ ಸಮಿತಿಯ ಮುಂದಿಟ್ಟಿತು.

ಪೂಲ್ ಅಂದರೆ ವೇಗ ಎಂಬ ನಂಬಿಕೆಗೆ 2002ರಲ್ಲಿ ಬಲವಾದ ಪೆಟ್ಟು ಬಿತ್ತು. ಎಮರಿ ಬರ್ಗರ್, ಬೆಂಜಮಿನ್ ಜಾರ್ನ್, ಕ್ಯಾಥರಿನ್ ಮೆಕಿನ್ಲೆ ಸ್ವಂತ ಅಲೊಕೇಟರ್ ಇದ್ದ ಎಂಟು ಪ್ರೋಗ್ರಾಮುಗಳನ್ನು ಅಳೆದರು. ಆರರಲ್ಲಿ ಡಗ್ ಲೀ ಅವರ ಸಾಮಾನ್ಯ ಅಲೊಕೇಟರೇ ಸರಿಸಮ ಅಥವಾ ಮೇಲು. ಗೆದ್ದ ಎರಡೂ, ಒಂದು ಪ್ರದೇಶದ ವಸ್ತುಗಳನ್ನೆಲ್ಲ ಒಟ್ಟಿಗೇ ಬಿಟ್ಟುಕೊಡುವ ಬಗೆಯವು. ಅಲ್ಲಿ ಲಾಭ ಶೇ. 44ರವರೆಗೂ ಇತ್ತು. ಈ ಕ್ಷೇತ್ರದಲ್ಲಿ ಇಷ್ಟು ಉಪಕಾರ ಮಾಡಿದ ಪ್ರಬಂಧಗಳು ಕಡಿಮೆ.

ಅಲೊಕೇಟರುಗಳೆಲ್ಲ ಸರಿಸಮ ಎಂಬ ಹಳೆಯ ಕೊರತೆಯನ್ನು ಸಿ ಪ್ಲಸ್ ಪ್ಲಸ್‌ನ 2011ರ ಪ್ರಮಾಣ ನೀಗಿಸಿತು, 2017ರದು ಇನ್ನೂ ಮುಂದೆ ಹೋಯಿತು. ಪ್ಯಾಬ್ಲೊ ಹಾಲ್ಪರ್ನ್ ಮಂಡಿಸಿದ ವಿನ್ಯಾಸದಲ್ಲಿ ಕಂಟೈನರಿನ ಟೈಪ್ ಬದಲಾಗದೆಯೇ ಅದರ ಪೂಲ್ ಬದಲಿಸಬಹುದು. ಒಂದೇ ಥ್ರೆಡ್‌ಗೆ ಒಂದು ಪೂಲ್, ಹಲವು ಥ್ರೆಡ್‌ಗಳಿಗೆ ಇನ್ನೊಂದು, ಎರಡೂ ಈಗ ಭಾಷೆಯ ಜೊತೆಗೇ ಬರುತ್ತವೆ. ಸ್ವಂತ ಪೂಲ್ ಬರೆಯಲು ಹೊರಟವರು ಮೊದಲು ಇವನ್ನು ತಮ್ಮ ಪ್ರೋಗ್ರಾಮಿನಲ್ಲಿಟ್ಟು ಅಳೆದು ನೋಡಬೇಕು.