ಅಂಗಡಿಯ ಜೊತೆಗೊಂದು ಕ್ಯಾಮೆರಾ: ದಂಪತಿಗೆ ಎರಡು ವ್ಯವಹಾರ, ಎರಡು ಲೆಕ್ಕ

ಪತಿ ಅಥವಾ ಪತ್ನಿ ನಡೆಸುವ ಸಣ್ಣ ಅಂಗಡಿಯ ಆಸರೆಯಲ್ಲಿ ಬಿಡುವಿನ ವೇಳೆಯ ಛಾಯಾಗ್ರಹಣವನ್ನು ಆದಾಯದ ಮಾರ್ಗವನ್ನಾಗಿ ಮಾಡಿಕೊಂಡವರು ರಾಜ್ಯದ ನಗರ, ಪಟ್ಟಣಗಳಲ್ಲಿ ಸಾಕಷ್ಟು ಮಂದಿ ಇದ್ದಾರೆ. ಝೆರಾಕ್ಸ್ ಅಂಗಡಿಯ ಮೂಲೆಯಲ್ಲಿ ಬಿಳಿ ಪರದೆ ಕಟ್ಟಿ ಪಾಸ್‌ಪೋರ್ಟ್ ಅಳತೆಯ ಚಿತ್ರ ತೆಗೆಯುವುದರಿಂದ ಆರಂಭವಾಗಿ, ನಾಮಕರಣ, ಸೀಮಂತ, ಉಪನಯನ, ಗೃಹಪ್ರವೇಶಗಳನ್ನು ದಾಟಿ ಮದುವೆಯವರೆಗೆ ಈ ಉದ್ಯೋಗ ಬೆಳೆಯುತ್ತದೆ. ಗಿರಾಕಿಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಪ್ರತ್ಯೇಕ ಬಾಡಿಗೆಯ ಹೊರೆ ಇಲ್ಲ ಎಂಬುದು ಇದರ ದೊಡ್ಡ ಅನುಕೂಲ. ಆದರೆ ಇದೇ ಅನುಕೂಲ ಮುಂದೆ ತೊಡಕಾಗಿ ಪರಿಣಮಿಸುವುದೂ ಉಂಟು. ಹಣ ಯಾರ ಖಾತೆಗೆ ಬಂತು, ಕ್ಯಾಮೆರಾ ಯಾರ ಹೆಸರಿನಲ್ಲಿದೆ, ಸಂಜೆ ಅಂಗಡಿ ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗಳಿಗೆ ಮೊದಲೇ ಉತ್ತರ ಕಂಡುಕೊಳ್ಳದಿದ್ದರೆ ಎರಡೂ ವ್ಯವಹಾರಗಳಿಗೆ ಧಕ್ಕೆ ತಪ್ಪಿದ್ದಲ್ಲ.

ಹೆಸರಿನ ಪ್ರಶ್ನೆ

ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಎಂದು ಖ್ಯಾತರಾದ ಹೋಮಾಯ್ ವ್ಯಾರಾವಾಲಾ (1913–2012) ಕ್ಯಾಮೆರಾ ಹಿಡಿಯಲು ಕಲಿತದ್ದು ಮುಂದೆ ತಮ್ಮ ಪತಿಯಾದ ಮಾಣೆಕ್‌ಶಾ ಅವರಿಂದ. ಆಕೆಯ ಆರಂಭದ ಚಿತ್ರಗಳು ಪ್ರಕಟವಾದದ್ದು ಮಾಣೆಕ್‌ಶಾ ಅವರ ಹೆಸರಿನಲ್ಲಿ. ಅದೇ ಹೋಮಾಯ್ ಅವರಿಗೆ 2011ರಲ್ಲಿ ಪದ್ಮವಿಭೂಷಣ ಸಂದಿತು. ದಂಪತಿಯ ದುಡಿಮೆಯಲ್ಲಿ ಒಬ್ಬರ ಕೆಲಸ ಇನ್ನೊಬ್ಬರ ಹೆಸರಿನಲ್ಲಿ ಕರಗಿಹೋಗುವುದು ಹೊಸತೇನಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

ಇಂದಿನ ಸಣ್ಣ ಉದ್ಯಮದಲ್ಲಿ ಹೆಸರೆಂದರೆ ಬರೀ ಗೌರವದ ಮಾತಲ್ಲ. ಬ್ಯಾಂಕ್ ಸಾಲ, ತೆರಿಗೆಯ ಮಿತಿ, ವಿಮೆಯ ಪರಿಹಾರ ಎಲ್ಲವೂ ಅದನ್ನೇ ಅವಲಂಬಿಸಿವೆ. ಪತ್ನಿ ಛಾಯಾಗ್ರಹಣ ನಡೆಸಿ, ಹಣವೆಲ್ಲ ಪತಿಯ ಅಂಗಡಿಯ ಖಾತೆಗೆ ಜಮೆಯಾದರೆ, ಹತ್ತು ವರ್ಷ ದುಡಿದ ಮೇಲೂ ಆಕೆಯ ಆದಾಯಕ್ಕೆ ದಾಖಲೆ ಇರುವುದಿಲ್ಲ. ಪತ್ನಿಯ ಅಂಗಡಿ, ಪತಿಯ ಕ್ಯಾಮೆರಾ ಆದಾಗಲೂ ಸಂಗತಿ ಇದೇ.

ಕ್ಯೂಆರ್ ಕೋಡ್ ಕಲಿಸಿದ ಪಾಠ

2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಸ್ವೀಕರಿಸಿದ ಹಣದ ಮಾಹಿತಿಯನ್ನು ಆಧರಿಸಿ ಸಾವಿರಾರು ಸಣ್ಣ ವರ್ತಕರಿಗೆ ನೋಟಿಸ್ ಜಾರಿ ಮಾಡಿತು. ಬೇಕರಿ, ಕಾಂಡಿಮೆಂಟ್ಸ್, ಚಹಾ ಅಂಗಡಿಗಳವರು ಕಂಗಾಲಾದರು. ಸ್ವಂತದ ಹಣ, ಕೈಸಾಲ, ತೆರಿಗೆ ವಿನಾಯಿತಿ ಇರುವ ಸರಕಿನ ಮಾರಾಟ ಎಲ್ಲವೂ ಒಂದೇ ಖಾತೆಯಲ್ಲಿ ಬೆರೆತಿದೆ ಎಂಬುದು ಹಲವರ ವಾದವಾಗಿತ್ತು. ಪ್ರತಿಭಟನೆಯ ಬಳಿಕ, ಹಳೆಯ ಬಾಕಿಯನ್ನು ವಸೂಲಿ ಮಾಡುವುದಿಲ್ಲ, ಆದರೆ ಮಿತಿ ಮೀರಿದವರು ನೋಂದಣಿ ಮಾಡಿಸಿಕೊಳ್ಳಬೇಕು ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಪ್ರಕಟಿಸಿದರು.

ಅಂಗಡಿಯ ಗಲ್ಲಾದ ಮೇಲಿರುವ ಕ್ಯೂಆರ್ ಕೋಡ್‌ಗೇ ಮದುವೆ ಚಿತ್ರೀಕರಣದ ಮುಂಗಡವನ್ನೂ ಪಡೆಯುವ ದಂಪತಿಗೆ ಈ ಪ್ರಸಂಗ ನೇರವಾಗಿ ಅನ್ವಯಿಸುತ್ತದೆ. ರಾಜ್ಯದಲ್ಲಿ ಸರಕು ಮಾತ್ರ ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವಾರ್ಷಿಕ 40 ಲಕ್ಷ ರೂಪಾಯಿ ವಹಿವಾಟು. ಸೇವೆ ಒದಗಿಸುವವರಿಗೆ 20 ಲಕ್ಷ. ಛಾಯಾಗ್ರಹಣ ಸೇವೆಯ ಗುಂಪಿಗೆ ಸೇರುತ್ತದೆ. ಅದರ ತೆರಿಗೆ ದರ ಶೇ 18. ಜಿಎಸ್‌ಟಿ ಲೆಕ್ಕ ಪ್ಯಾನ್ ಸಂಖ್ಯೆಯನ್ನು ಆಧರಿಸಿರುವುದರಿಂದ, ಒಂದೇ ಪ್ಯಾನ್ ಅಡಿಯಲ್ಲಿ ಅಂಗಡಿಯೂ ಛಾಯಾಗ್ರಹಣವೂ ನಡೆದರೆ ಎರಡರ ವಹಿವಾಟನ್ನೂ ಕೂಡಿಸಲಾಗುತ್ತದೆ. 'ಸರಕು ಮಾತ್ರ' ಎಂಬ ಷರತ್ತು ಅಲ್ಲಿಗೆ ಮುರಿದುಬೀಳುತ್ತದೆ. ವರ್ಷಕ್ಕೆ 30 ಲಕ್ಷದ ವ್ಯಾಪಾರ ಮಾಡುತ್ತ ನೋಂದಣಿಯಿಂದ ಹೊರಗಿದ್ದ ಅಂಗಡಿ, 2 ಲಕ್ಷದ ಛಾಯಾಗ್ರಹಣ ಸೇರಿದ ಕಾರಣಕ್ಕೇ ನೋಂದಣಿಯ ವ್ಯಾಪ್ತಿಗೆ ಬರುತ್ತದೆ.

ಅಂಗಡಿ ರಾಜಿ ತೆರಿಗೆ, ಅಂದರೆ ಕಾಂಪೊಸಿಷನ್ ಪದ್ಧತಿಯಲ್ಲಿದ್ದರೆ ಸೇವೆಯ ಪಾಲು ವಹಿವಾಟಿನ ಶೇ 10 ಅಥವಾ 5 ಲಕ್ಷ ರೂಪಾಯಿ, ಇವುಗಳಲ್ಲಿ ಹೆಚ್ಚಿನದನ್ನು ಮೀರುವಂತಿಲ್ಲ.

ಪರಿಹಾರ ಸರಳ. ಛಾಯಾಗ್ರಹಣ ನಡೆಸುವವರು ತಮ್ಮದೇ ಪ್ಯಾನ್, ತಮ್ಮದೇ ಚಾಲ್ತಿ ಖಾತೆ, ತಮ್ಮದೇ ಕ್ಯೂಆರ್ ಕೋಡ್, ತಮ್ಮದೇ ಬಿಲ್ ಪುಸ್ತಕ ಇಟ್ಟುಕೊಳ್ಳಬೇಕು. ಆದರೆ ಇದು ಕಾಗದದ ಮೇಲಿನ ವಿಭಜನೆಯಾಗಿದ್ದರೆ ಸಾಲದು. ಕೆಲಸ, ಉಪಕರಣ ಮತ್ತು ಹಣ ಮೂರೂ ವಾಸ್ತವವಾಗಿ ಬೇರೆಯಾಗಿರಬೇಕು. ಪತ್ನಿಯ ಕ್ಯಾಮೆರಾವನ್ನು ಪತಿಯ ಅಂಗಡಿಯ ಜಿಎಸ್‌ಟಿ ಸಂಖ್ಯೆಯಲ್ಲಿ ಖರೀದಿಸಿ ಹೂಡುವಳಿ ತೆರಿಗೆ ಜಮೆ ಪಡೆಯುವುದು ಸಲ್ಲದು.

ಆದಾಯ ತೆರಿಗೆಯ ಸೂಕ್ಷ್ಮ

ಆದಾಯ ತೆರಿಗೆ ಕಾನೂನಿನಲ್ಲಿ ಸಂಗಾತಿಯ ಆದಾಯವನ್ನು ಕೂಡಿಸುವ ನಿಯಮವೊಂದಿದೆ. ಪತಿಗೆ ಗಣನೀಯ ಪಾಲು ಇರುವ ಉದ್ಯಮದಿಂದ ಪತ್ನಿ ಸಂಬಳ, ಕಮಿಷನ್ ಅಥವಾ ಶುಲ್ಕ ಪಡೆದರೆ ಅದನ್ನು ಪತಿಯ ಆದಾಯಕ್ಕೇ ಸೇರಿಸಲಾಗುತ್ತದೆ. ಆಕೆಗೆ ತಾಂತ್ರಿಕ ಅಥವಾ ವೃತ್ತಿಪರ ಅರ್ಹತೆ ಇದ್ದು, ಆ ಆದಾಯ ಸಂಪೂರ್ಣವಾಗಿ ಆ ಜ್ಞಾನ ಮತ್ತು ಅನುಭವದಿಂದಲೇ ಬಂದದ್ದಾದರೆ ವಿನಾಯಿತಿ ಉಂಟು. ಪತ್ನಿಯ ಉದ್ಯಮದಲ್ಲಿ ಪತಿ ದುಡಿದರೂ ನಿಯಮ ಇದೇ. ಸೀರೆ ಅಂಗಡಿಯ ಸರಕಿನ ಚಿತ್ರ ತೆಗೆದುಕೊಟ್ಟ ಸಂಗಾತಿಗೆ ಅಂಗಡಿಯಿಂದ ಹಣ ಸಂದಾಯ ಮಾಡುವವರು ಈ ಅಂಶವನ್ನು ಲೆಕ್ಕ ಪರಿಶೋಧಕರೊಡನೆ ಚರ್ಚಿಸುವುದು ಒಳಿತು.

ಸಂಗಾತಿಗೆ ಉಡುಗೊರೆಯಾಗಿ ಕೊಟ್ಟ ಹಣವನ್ನು ವ್ಯಾಪಾರಕ್ಕೆ ಹೂಡಿದಾಗಲೂ ಆ ಹೂಡಿಕೆಯ ಪ್ರಮಾಣಕ್ಕೆ ತಕ್ಕ ಲಾಭ ಕೊಟ್ಟವರ ಆದಾಯಕ್ಕೆ ಸೇರಬಹುದು. ಆದ್ದರಿಂದ ಕ್ಯಾಮೆರಾ ಖರೀದಿಗೆ ಸ್ವಂತ ಉಳಿತಾಯ ಅಥವಾ ಸ್ವಂತ ಹೆಸರಿನ ಸಾಲ ಬಳಸುವುದು ಲೇಸು. ಸವಕಳಿಯನ್ನು ಕ್ಯಾಮೆರಾಗೆ ಶೇ 15, ಕಂಪ್ಯೂಟರ್‌ಗೆ ಶೇ 40ರ ದರದಲ್ಲಿ ಲೆಕ್ಕ ಹಾಕಬಹುದು. ಇದಕ್ಕೆ ಖರೀದಿಯ ಬಿಲ್ ಉದ್ಯಮ ನಡೆಸುವವರ ಹೆಸರಿನಲ್ಲೇ ಇರಬೇಕು.

ನೋಂದಣಿ ಮತ್ತು ಸಾಲ

2020ರ ಜುಲೈ 1ರಂದು ಜಾರಿಗೆ ಬಂದ ಉದ್ಯಮ್ ನೋಂದಣಿ ಉಚಿತ. ಆಧಾರ್ ಮತ್ತು ಪ್ಯಾನ್ ಇದ್ದರೆ ಸ್ವತಃ ಮಾಡಿಕೊಳ್ಳಬಹುದಾದ ಈ ಕೆಲಸಕ್ಕೆ ಮಧ್ಯವರ್ತಿಗಳಿಗೆ ಹಣ ತೆರಬೇಕಾಗಿಲ್ಲ. ಪ್ರತ್ಯೇಕ ಸ್ಟುಡಿಯೋ ತೆರೆದರೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಅನ್ವಯ ಕಾರ್ಮಿಕ ಇಲಾಖೆಯಲ್ಲಿಯೂ ನೋಂದಾಯಿಸಬೇಕು.

2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮುದ್ರಾ ಯೋಜನೆಯಡಿ ಆಧಾರರಹಿತ ಸಾಲ ಲಭ್ಯ. 'ಶಿಶು' ವರ್ಗದಲ್ಲಿ 50,000 ರೂಪಾಯಿವರೆಗೆ, 'ಕಿಶೋರ'ದಲ್ಲಿ 5 ಲಕ್ಷದವರೆಗೆ, 'ತರುಣ'ದಲ್ಲಿ 10 ಲಕ್ಷದವರೆಗೆ ಸಾಲ ದೊರೆಯುತ್ತದೆ. ಬಳಸಿದ ಕ್ಯಾಮೆರಾ ಮತ್ತು ಒಂದೆರಡು ಲೆನ್ಸ್‌ಗಳಿಂದ ಆರಂಭಿಸುವವರಿಗೆ ಮೊದಲ ಎರಡು ವರ್ಗಗಳೇ ಧಾರಾಳ. ಅಂಗಡಿಯ ಓವರ್‌ಡ್ರಾಫ್ಟ್‌ನಿಂದ ಕ್ಯಾಮೆರಾ ಕೊಂಡರೆ ದೀಪಾವಳಿಯ ಸರಕು ತುಂಬುವ ಹೊತ್ತಿಗೆ ಅಂಗಡಿ ಕೈಚೆಲ್ಲಬೇಕಾದೀತು.

ಛಾಯಾಗ್ರಹಣಕ್ಕೆ ಹೊರಟವರು ಸರ್ಕಾರಿ ನೌಕರರಾಗಿದ್ದರೆ ಪ್ರಶ್ನೆಯೇ ಬೇರೆ. ನೌಕರರು ಪೂರ್ವಾನುಮತಿ ಇಲ್ಲದೆ ಖಾಸಗಿ ವ್ಯಾಪಾರ ನಡೆಸುವುದನ್ನು ಸೇವಾ ನಡತೆ ನಿಯಮಗಳು ನಿರ್ಬಂಧಿಸುತ್ತವೆ. ಖಾಸಗಿ ನೌಕರರೂ ತಮ್ಮ ನೇಮಕಾತಿ ಪತ್ರದ ಷರತ್ತುಗಳನ್ನು ಓದಿಕೊಳ್ಳಬೇಕು.

ದರ ನಿಗದಿಯ ಲೆಕ್ಕ

ಬಿಡುವಿನ ವೇಳೆಯ ಛಾಯಾಗ್ರಾಹಕರು ಎಡವುವುದು ದರದಲ್ಲಿ. ಒಂದು ಉದಾಹರಣೆಯನ್ನು ನೋಡಬಹುದು. ಕ್ಯಾಮೆರಾ, ಲೆನ್ಸ್, ಫ್ಲ್ಯಾಶ್, ಕಂಪ್ಯೂಟರ್ ಸೇರಿ 3 ಲಕ್ಷ ರೂಪಾಯಿ ಹೂಡಿಕೆ, ಬಾಳಿಕೆ 5 ವರ್ಷ ಎಂದಿಟ್ಟುಕೊಂಡರೆ ವರ್ಷಕ್ಕೆ 60,000. ವಿಮೆ, ದುರಸ್ತಿ, ಹಾರ್ಡ್ ಡಿಸ್ಕ್, ಪ್ರಯಾಣಕ್ಕೆ 40,000. ಒಟ್ಟು 1 ಲಕ್ಷ. ವರ್ಷಕ್ಕೆ 20 ಸಮಾರಂಭಗಳಾದರೆ ತಲಾ 5,000 ರೂಪಾಯಿ ಬರೀ ಖರ್ಚು. ಚಿತ್ರೀಕರಣಕ್ಕೆ 10 ಗಂಟೆ, ಆಯ್ಕೆ ಮತ್ತು ತಿದ್ದುಪಡಿಗೆ 15, ಆಲ್ಬಂ ವಿನ್ಯಾಸಕ್ಕೆ 5, ಹೀಗೆ 30 ಗಂಟೆಗಳ ದುಡಿಮೆಗೆ ಗಂಟೆಗೆ 300ರಂತೆ 9,000. ಆಲ್ಬಂ ಮುದ್ರಣ, ಸಹಾಯಕರ ಕೂಲಿ ಬಿಟ್ಟೇ ಕನಿಷ್ಠ ದರ 14,000 ರೂಪಾಯಿ ಆಗುತ್ತದೆ.

ಪಕ್ಕದ ಬೀದಿಯವರು 12,000ಕ್ಕೆ ಒಪ್ಪುತ್ತಾರೆ ಎಂದು ಅದೇ ದರ ಹೇಳಿದರೆ ದುಡಿಮೆಯ ಬೆಲೆ ಗಂಟೆಗೆ 233 ರೂಪಾಯಿಗೆ ಇಳಿಯುತ್ತದೆ. ಆ ಹೊತ್ತಿನಲ್ಲಿ ಅಂಗಡಿಗೆ ಆಳು ಇಟ್ಟಿದ್ದರೆ ಆ ಸಂಬಳವನ್ನೂ ಇದರಿಂದಲೇ ಕಳೆಯಬೇಕು. ಅಂಗಡಿಯ ಹಳೆಯ ಗಿರಾಕಿಗಳು 'ನಮ್ಮವರು' ಎಂಬ ಸಲುಗೆಯಿಂದ ರಿಯಾಯಿತಿ ಕೇಳುವುದು ಸಹಜ. ರಿಯಾಯಿತಿಯನ್ನು ಬಿಲ್‌ನಲ್ಲಿ ನಮೂದಿಸಿ ಕೊಡುವುದರಿಂದ ಮೂಲ ದರ ಏನೆಂಬುದು ಎಲ್ಲರಿಗೂ ಸ್ಪಷ್ಟವಾಗಿರುತ್ತದೆ.

ಪಂಚಾಂಗಕ್ಕೆ ಹೊಂದಿಸಿದ ದುಡಿಮೆ

ಛಾಯಾಗ್ರಾಹಕರ ಗಳಿಕೆ ಪಂಚಾಂಗವನ್ನು ಅನುಸರಿಸುತ್ತದೆ. ಮಾಘ, ಫಾಲ್ಗುಣ, ವೈಶಾಖ, ಜ್ಯೇಷ್ಠಗಳಲ್ಲಿ ಮುಹೂರ್ತಗಳ ಭರಾಟೆ. ಆಷಾಢ, ಪಿತೃಪಕ್ಷ, ಧನುರ್ಮಾಸಗಳಲ್ಲಿ ಮದುವೆಗಳಿಲ್ಲ. ಗುರು, ಶುಕ್ರರ ಅಸ್ತ ಬಂದರೆ ತಿಂಗಳುಗಟ್ಟಲೆ ಬಿಡುವು. ಆದರೆ ಬಟ್ಟೆ ಅಂಗಡಿಯವರಿಗೆ ಆಷಾಢವೇ ರಿಯಾಯಿತಿ ಮಾರಾಟದ ಕಾಲ. ವರಮಹಾಲಕ್ಷ್ಮಿಯಿಂದ ದೀಪಾವಳಿಯವರೆಗೆ ವ್ಯಾಪಾರದ ಸುಗ್ಗಿ. ಹೀಗೆ ಒಂದು ಮಂಕಾದಾಗ ಇನ್ನೊಂದು ಕೈಹಿಡಿಯುವುದು ಜೋಡಿ ವ್ಯವಹಾರದ ನಿಜವಾದ ಲಾಭ. ಬೊಕ್ಕೆ, ಕೇಕ್, ಬ್ಯೂಟಿ ಪಾರ್ಲರ್‌ನಂತಹ ಅಂಗಡಿಗಳಲ್ಲಿ ಮಾತ್ರ ಎರಡರ ಒತ್ತಡವೂ ಒಂದೇ ಮುಹೂರ್ತಕ್ಕೆ ಬೀಳುತ್ತದೆ. ವರ್ಷಾರಂಭದಲ್ಲಿಯೇ ಕ್ಯಾಲೆಂಡರ್ ಮುಂದಿಟ್ಟುಕೊಂಡು, ಅಂಗಡಿ ಬಿಟ್ಟು ಹೋಗಲಾಗದ ದಿನಗಳನ್ನು ಗುರುತಿಸಿ, ಆ ದಿನಗಳ ಕರೆಗಳನ್ನು ನಯವಾಗಿ ನಿರಾಕರಿಸುವುದು ಜಾಣತನ.

ಕರಾರು, ಹಕ್ಕುಸ್ವಾಮ್ಯ

ಚಿತ್ರ ತೆಗೆದವರೇ ಅದರ ಒಡೆಯರು ಎಂಬುದು ಸಾಮಾನ್ಯ ನಂಬಿಕೆ. ಆದರೆ 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಮೊದಲ ಹಕ್ಕುದಾರರು ತೆಗೆಸಿದವರು. ಬೇರೆ ಒಪ್ಪಂದವಿದ್ದರೆ ಮಾತ್ರ ಅದು ಬದಲಾಗುತ್ತದೆ. ಮದುಮಗಳ ಚಿತ್ರವನ್ನು ಅಂಗಡಿಯ ಫಲಕದಲ್ಲಿ ಅಥವಾ ಸಾಮಾಜಿಕ ಜಾಲತಾಣದಲ್ಲಿ ಬಳಸಬೇಕಾದರೆ ಲಿಖಿತ ಸಮ್ಮತಿ ಅಗತ್ಯ. ಸಂಗಾತಿಯ ಅಂಗಡಿಯ ಜಾಹೀರಾತಿಗೆ ಬಳಸುವುದಾದರೆ ಅದನ್ನೂ ಸಮ್ಮತಿ ಪತ್ರದಲ್ಲಿ ಬರೆಯಬೇಕು.

ಒಂದು ಪುಟದ ಕರಾರಿನಲ್ಲಿ ದಿನಾಂಕ, ಸ್ಥಳ, ಸಮಯ, ಒಟ್ಟು ದರ, ಮುಂಗಡ, ಕೊಡಬೇಕಾದ ಚಿತ್ರಗಳ ಸಂಖ್ಯೆ, ಆಲ್ಬಂ ತಲುಪಿಸುವ ಗಡುವು, ಸಮಾರಂಭ ಮುಂದೂಡಿದರೆ ಅನುಸರಿಸುವ ಕ್ರಮ ಇಷ್ಟು ಇದ್ದರೆ ಸಾಕು. ಛಾಯಾಗ್ರಾಹಕರಿಗೆ ಅನಾರೋಗ್ಯವಾದರೆ ಬದಲಿ ಯಾರು ಎಂಬುದೂ ಇರಲಿ. ಸೇವಾ ನ್ಯೂನತೆಯ ದೂರು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಆಯೋಗದ ಮೆಟ್ಟಿಲೇರಬಹುದು. ತಾಳಿ ಕಟ್ಟುವ ಗಳಿಗೆಯನ್ನು ಮತ್ತೆ ಚಿತ್ರೀಕರಿಸಲಾಗದು.

ಡ್ರೋನ್ ಬಳಸುವವರಿಗೆ 2021ರ ಡ್ರೋನ್ ನಿಯಮಗಳು ಅನ್ವಯಿಸುತ್ತವೆ. 250 ಗ್ರಾಂ ಮೀರಿದ ಡ್ರೋನನ್ನು ವಾಣಿಜ್ಯ ಉದ್ದೇಶಕ್ಕೆ ಹಾರಿಸಲು ದೂರ ಚಾಲಕ ಪ್ರಮಾಣಪತ್ರ ಬೇಕು. ವಿಮಾನ ನಿಲ್ದಾಣದ ಆಸುಪಾಸಿನ ಕಲ್ಯಾಣ ಮಂಟಪಗಳಲ್ಲಿ ಡಿಜಿಟಲ್ ಸ್ಕೈ ನಕ್ಷೆಯನ್ನು ನೋಡಿಯೇ ಮುಂಗಡ ಪಡೆಯಬೇಕು.

ಚಿತ್ರಗಳ ರಕ್ಷಣೆ

ಒಂದು ಮದುವೆಯಲ್ಲಿ 2,000 ರಾ ಚಿತ್ರಗಳು, ತಲಾ 25 ಎಂಬಿ ಎಂದರೆ 50 ಜಿಬಿ. 20 ಸಮಾರಂಭಗಳಿಗೆ 1 ಟಿಬಿ. ಎರಡು ಪ್ರತಿಗಳಿಗೆ 2 ಟಿಬಿ. ಎರಡು ಮೆಮೊರಿ ಕಾರ್ಡ್‌ಗಳಲ್ಲಿ ಏಕಕಾಲಕ್ಕೆ ದಾಖಲಿಸುವ ಕ್ಯಾಮೆರಾ, ಆ ರಾತ್ರಿಯೇ ಎರಡು ಹಾರ್ಡ್ ಡಿಸ್ಕ್‌ಗಳಿಗೆ ನಕಲು, ಒಂದು ಮನೆಯಲ್ಲಿ, ಇನ್ನೊಂದು ಅಂಗಡಿಯಲ್ಲಿ. ಎರಡು ಜಾಗಗಳಿರುವ ದಂಪತಿಗೆ ಇದು ಖರ್ಚಿಲ್ಲದ ಭದ್ರತೆ. ಅಂಗಡಿಯ ವಿಮೆ ಹೊರಗೆ ಒಯ್ಯುವ ಕ್ಯಾಮೆರಾಗೂ ಅನ್ವಯಿಸುತ್ತದೆಂದು ಭಾವಿಸದೆ ಪಾಲಿಸಿಯನ್ನು ಓದಿ, ಅಗತ್ಯವಿದ್ದರೆ ಪ್ರತ್ಯೇಕ ವಿಮೆ ಮಾಡಿಸಬೇಕು.

ತಿಂಗಳಿಗೊಮ್ಮೆ ಲೆಕ್ಕ

ತಿಂಗಳ ಕೊನೆಯಲ್ಲಿ ದಂಪತಿ ಎರಡು ಪುಸ್ತಕಗಳನ್ನು ಎದುರಿಗಿಟ್ಟು ಕುಳಿತರೆ ಮೂರು ಸಂಗತಿಗಳು ತಿಳಿದುಬರುತ್ತವೆ: ಒಂದು ವ್ಯವಹಾರ ಇನ್ನೊಂದರಿಂದ ಪಡೆದ ಹಣ ಮರಳಿತೇ, ಒಬ್ಬರು ಇನ್ನೊಬ್ಬರ ಕೆಲಸಕ್ಕೆ ಕೊಟ್ಟ ಗಂಟೆಗಳೆಷ್ಟು, ಮುಂದಿನ ತಿಂಗಳ ಯಾವ ದಿನಗಳು ಯಾರಿಗೆ ಮೀಸಲು. ಸಂಬಳವಿಲ್ಲದೆ ಅಂಗಡಿ ಕಾಯ್ದ ಗಂಟೆಗಳನ್ನೂ ಬರೆದಿಡಬೇಕು. ಪುಸ್ತಕದಲ್ಲಿ ಇಲ್ಲದ ದುಡಿಮೆ ಜಗಳದಲ್ಲಿ ಹೊರಬರುತ್ತದೆ. ಎರಡು ವರ್ಷಗಳ ಇಂತಹ ಲೆಕ್ಕ ಕೈಯಲ್ಲಿದ್ದರೆ, ಛಾಯಾಗ್ರಹಣವನ್ನು ಪೂರ್ಣಾವಧಿ ಉದ್ಯೋಗವಾಗಿಸಬೇಕೇ, ಹೀಗೆಯೇ ಮುಂದುವರಿಸಬೇಕೇ, ನಿಲ್ಲಿಸಬೇಕೇ ಎಂಬ ನಿರ್ಧಾರಕ್ಕೆ ಊಹೆಯ ಬದಲು ಅಂಕಿಗಳ ಆಧಾರವಿರುತ್ತದೆ.