ಕ್ರ್ಯಾಶ್: ಬಿದ್ದದ್ದೋ, ಬೀಳಿಸಿದ್ದೋ?

ಇಂಗ್ಲಿಷಿನ ‘ಕ್ರ್ಯಾಶ್’ ಹುಟ್ಟಿದ್ದು ಸದ್ದಿನಿಂದ. 1400ರ ಆಸುಪಾಸಿನಲ್ಲಿ ಅದಕ್ಕಿದ್ದ ಕೆಲಸ ಏನಾದರೂ ಸದ್ದಿನೊಡನೆ ಮುರಿದು ಪುಡಿಯಾಗುವುದನ್ನು ಹೇಳುವುದು, ನಮ್ಮ ‘ದಡಾರ್’, ‘ಫಟಾರ್’ಗಳ ಹಾಗೆ. 19ನೇ ಶತಮಾನದ ಆರಂಭದ ಹೊತ್ತಿಗೆ ವ್ಯಾಪಾರ ದಿಢೀರನೆ ನೆಲಕಚ್ಚುವುದಕ್ಕೂ ಅದೇ ಪದ ಬಂತು. 1929ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿದಾಗ ಆ ಅರ್ಥ ಲೋಕಕ್ಕೆಲ್ಲ ಪರಿಚಯವಾಯಿತು. ವಿಮಾನ ಬಂದ ಮೇಲೆ ವಿಮಾನಕ್ಕೆ, ಕಂಪ್ಯೂಟರ್ ಬಂದ ಮೇಲೆ ಕಂಪ್ಯೂಟರಿಗೆ ಅಂಟಿಕೊಂಡಿತು. ಸಿಇಟಿ ಹತ್ತಿರವಾದರೆ ಊರೂರಿನ ಗೋಡೆಗಳ ಮೇಲೂ ‘ಕ್ರ್ಯಾಶ್ ಕೋರ್ಸ್’.

ಕನ್ನಡ ಇಷ್ಟು ಹೊರೆಯನ್ನು ಒಂದೇ ಪದದ ತಲೆಗೆ ಕಟ್ಟಿಲ್ಲ. ನಮ್ಮಲ್ಲಿ ಲಾರಿ ಡಿಕ್ಕಿ ಹೊಡೆಯುತ್ತದೆ, ವಿಮಾನ ಪತನವಾಗುತ್ತದೆ, ಬ್ಯಾಂಕು ಮುಳುಗುತ್ತದೆ, ಕಂಪ್ಯೂಟರು ಕೈಕೊಡುತ್ತದೆ, ರೇಟು ಬೀಳುತ್ತದೆ. ಡಿಕ್ಕಿ ಟಗರಿಗೂ ಸಲ್ಲುವ ಮಾತು. ಹೊಡೆಯುವ ತಲೆ ಒಂದಿರಬೇಕು, ಪೆಟ್ಟು ತಿನ್ನುವ ಮೈ ಇನ್ನೊಂದಿರಬೇಕು. ‘ಗುದ್ದು’ ಕೂಡ ಹಾಗೆಯೇ. ಚಿಂತಾಮಣಿ, ಗೌರಿಬಿದನೂರು ಕಡೆ ಮನೆಯಲ್ಲಿ ತೆಲುಗು, ಪೇಟೆಯಲ್ಲಿ ಕನ್ನಡ ಆಡುವವರು ಬಹಳ. ಪೇಟೆಯಲ್ಲಿ ‘ಲಾರಿ ಗುದ್ದಿಬಿಡ್ತು’ ಅಂದವರು ಮನೆಗೆ ಹೋಗಿ ‘ಲಾರಿ ಗುದ್ದೇಸಿಂದಿ’ ಅನ್ನುತ್ತಾರೆ. ಭಾಷೆ ಬದಲಾದರೂ ಧಾತು ಬದಲಾಗುವುದಿಲ್ಲ, ಗುದ್ದಿದವರು ಯಾರು ಎಂಬುದೂ ಮರೆಯಾಗುವುದಿಲ್ಲ.

‘ಬೀಳು’ ಇದಕ್ಕಿಂತ ಸೂಕ್ಷ್ಮ. ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ರೈತ ಗೂಡು ಸುರಿದು ಕಾಯುತ್ತಾನೆ. ನೂಲು ತೆಗೆಯುವ ರೀಲರ್ ಒಂದು ಗೂಡನ್ನು ಬೆರಳಲ್ಲಿ ಒತ್ತಿ, ಕಿವಿಯ ಬಳಿ ಅಲುಗಿಸಿ ನೋಡುತ್ತಾನೆ. ರೇಟು ಹಿಡಿಸದಿದ್ದರೂ ರೈತ ಗೂಡನ್ನು ವಾಪಸು ಒಯ್ದು ವಾರಗಟ್ಟಲೆ ಇಟ್ಟುಕೊಳ್ಳುವಂತಿಲ್ಲ. ಒಳಗಿನ ಹುಳು ಚಿಟ್ಟೆಯಾಗಿ ಗೂಡು ತೂತು ಮಾಡಿ ಹೊರಬಂದರೆ ಎಳೆ ತುಂಡಾಗುತ್ತದೆ. ಚಿಂತಾಮಣಿಯ ಟೊಮೆಟೊಗೂ ಇದೇ ಅವಸರ. ಕೀಳುವ ಕೂಲಿಯೂ ಗಿಟ್ಟದ ದಿನ ಹಣ್ಣು ರಸ್ತೆ ಬದಿಗೆ ಬೀಳುತ್ತದೆ. ಇಂಥ ಕಡೆ ‘ರೇಟು ಬಿತ್ತು’ ಎಂದರೆ ಮಾತು ಮುಗಿಯುವುದಿಲ್ಲ. ‘ಬಿತ್ತೋ, ಬೀಳಿಸಿದರೋ?’ ಎಂದು ಕೇಳಲು ಕನ್ನಡದಲ್ಲಿ ಒಂದು ‘ಇಸು’ ಪ್ರತ್ಯಯ ಸಾಕು.

2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿತು. ಅದರ ಬೆನ್ನಿಗೆ ನಮ್ಮ ಗೂಡಿನ ಬೆಲೆ ಕುಸಿಯಿತು. 2013ರಲ್ಲಿ ಸುಂಕವನ್ನು ಮತ್ತೆ ಶೇ 15ಕ್ಕೆ ಏರಿಸಲಾಯಿತು. ಈ ಕುಸಿತವನ್ನು ‘ಕ್ರ್ಯಾಶ್’ ಎಂದು ಬರೆದರೆ ಮಳೆ ಬಂದಂತೆ, ಸಿಡಿಲು ಬಡಿದಂತೆ ಕೇಳಿಸುತ್ತದೆ. ಅದರ ಹಿಂದೆ ಒಂದು ತೀರ್ಮಾನವಿತ್ತು ಎಂಬುದು ಕಾಣುವುದೇ ಇಲ್ಲ.

ರಸ್ತೆಯ ಮೇಲೆ ಇದೇ ಕೆಲಸವನ್ನು ‘ಅಪಘಾತ’ ಮಾಡುತ್ತದೆ. ಸಂಸ್ಕೃತದಲ್ಲಿ ಅದು ‘ಹನ್’ ಧಾತುವಿನ ಪದ, ಹೊಡೆದು ಹಿಮ್ಮೆಟ್ಟಿಸುವುದು ಎಂಬ ಅರ್ಥದ್ದು. ಅಲ್ಲಿ ಹೊಡೆಯುವವನಿದ್ದ. ನಮ್ಮ ಕಾಲಕ್ಕೆ ಬರುವಷ್ಟರಲ್ಲಿ ಅವನು ಕಾಣೆಯಾಗಿ ‘ಅಪಘಾತವಾಯಿತು’ ಎಂಬುದಷ್ಟೇ ಉಳಿದಿದೆ. ಜನರ ಬಾಯಲ್ಲಿ ‘ಆಕ್ಸಿಡೆಂಟ್ ಆಯ್ತು’ ಎನ್ನುವುದೂ ಅಷ್ಟೇ.

2023ರ ಅಕ್ಟೋಬರ್ 26ರ ಬೆಳಿಗ್ಗೆ, ಚಿಕ್ಕಬಳ್ಳಾಪುರದ ಹತ್ತಿರ ಹೆದ್ದಾರಿಯಲ್ಲಿ ನಿಂತಿದ್ದ ಟ್ಯಾಂಕರ್ ಲಾರಿಗೆ ಪ್ರಯಾಣಿಕರಿದ್ದ ವಾಹನ ಹಿಂದಿನಿಂದ ಡಿಕ್ಕಿ ಹೊಡೆದು ಹತ್ತಕ್ಕೂ ಹೆಚ್ಚು ಜನ ಸತ್ತರು. ಈ ವಾಕ್ಯವನ್ನು ‘ಭೀಕರ ಅಪಘಾತ’ ಎಂದು ಎರಡೇ ಪದಕ್ಕೆ ಇಳಿಸಿ ನೋಡಿ: ‘ನಿಂತಿದ್ದ’ ಎಂಬ ಮಾತು ಬಿದ್ದುಹೋಗುತ್ತದೆ. ಅದರ ಜೊತೆಗೆ ಲಾರಿ ಅಲ್ಲಿ ಏಕೆ ನಿಂತಿತ್ತು, ಹಿಂದಿನಿಂದ ಬರುವವರಿಗೆ ಕಾಣುವಂತಿತ್ತೇ, ವೇಗ ಎಷ್ಟಿತ್ತು ಎಂಬ ಪ್ರಶ್ನೆಗಳೂ ಹೋಗುತ್ತವೆ. ಕಾನೂನು ಹುಡುಕುವುದೂ ಇವನ್ನೇ. ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಮಾತಾಡುವುದು ನಿರ್ಲಕ್ಷ್ಯದ ಬಗ್ಗೆ, ವಿಧಿಯ ಬಗ್ಗೆ ಅಲ್ಲ.

ಆದ್ದರಿಂದ ಪತ್ರಿಕೆಗೆ ಬರೆಯುವವರು ಯಾವುದು ಯಾವುದಕ್ಕೆ ಗುದ್ದಿತು, ರೇಟು ಬಿತ್ತೋ ಬೀಳಿಸಿದರೋ ಎಂದು ಬಿಡಿಸಿ ಬರೆಯಲಿ. ಸತ್ತವರ ಮನೆಯವರಿಗೂ ಗೂಡು ಸುರಿದ ರೈತನಿಗೂ ಆ ಒಂದು ಕ್ರಿಯಾಪದವನ್ನಾದರೂ ನಾವು ಸರಿಯಾಗಿ ಕೊಡಬೇಕು.